ಏಕಾದಶಿಯ ದಿನ ಬೆಂದ ಸೇಬು

ನಮ್ಮ ಎದುರು ಮನೆಯ ಚೈತ್ರಾ ವಿಜಯನಗರದ ಒಂದು ಶೋರೂಮಿನಲ್ಲಿ ಡೆಮೊ ಕೊಡುವ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಸಂಜೆ ಕೊರಳಿನ ಬ್ಯಾಡ್ಜನ್ನೂ ತೆಗೆಯದೆ ನಮ್ಮ ಮನೆಗೆ ಬಂದು ಸೋಫಾದ ಮೇಲೆ ದೊಪ್ಪನೆ ಕೂತಳು.

"ಆಂಟಿ, ಬೆಳಿಗ್ಗೆಯಿಂದ ಏರ್ ಫ್ರೈಯರ್ ಮುಂದೆ ನಿಂತೂ ನಿಂತೂ ಕಾಲು ಬಿದ್ದೋಯ್ತು. ಎಲ್ಲರೂ ಫ್ರೆಂಚ್ ಫ್ರೈಸ್ ತಿಂತಾರೆ, ಟಿಶ್ಯೂಲಿ ಕೈ ಒರೆಸ್ಕೊಂಡು ಹೋಗ್ತಾರೆ. ಒಬ್ಬರೂ ತಗೊಳಲ್ಲ. ನೀವು ಅಷ್ಟು ವರ್ಷ ಹೇಗೆ ಮಾಡಿದ್ರಿ?"

"ತಿನ್ನೋಕೆ ಕೊಡೋದು ಆಮೇಲೆ ಕಣೇ. ಮೊದಲು ಅವರ ಕೈಲೇ ಕೆಲಸ ಮಾಡಿಸ್ಬೇಕು," ಎಂದೆ.

ಅವಳು ನನ್ನ ಮುಖ ನೋಡಿದಳು. ವಯಸ್ಸಾಯ್ತು, ಏನೋ ಹೇಳ್ತಿದಾರೆ ಅಂದುಕೊಂಡಿರಬೇಕು. ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಂದ ಬಡ್ತಿ, ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು, ಇವೆಲ್ಲ ಬೀರುವಿನಲ್ಲಿವೆ. ಅಲ್ಲೇ ಇರಲಿ. ನಾನು ಹೇಳಹೊರಟಿರುವುದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಕೆಲಸ ಕೈಬಿಟ್ಟು ಹೋಗುವುದರಲ್ಲಿದ್ದ ಕಥೆ.

ನಾನು ನಾಗರತ್ನ. ಬಾಪೂಜಿ ನಗರದವಳು. ಅಪ್ಪ ಕೆಲಸ ಮಾಡುತ್ತಿದ್ದ ಗಿರಣಿ ಬಾಗಿಲು ಹಾಕಿದ ಮೇಲೆ ನಾನೂ ಅಮ್ಮನೂ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದೆವು. ಆ ಕೆಲಸ ಮಾಡಿದವರಿಗೆ ಗೊತ್ತು, ಅಂಗೈಯ ಇದ್ದಿಲ ಕಪ್ಪು ಹುಣಸೆಹಣ್ಣು ಹಾಕಿ ಉಜ್ಜಿದರೂ ಉಗುರಿನ ಸಂದಿಯಿಂದ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ಗುಂಡನೆಯ ಕರೆಂಟ್ ಓವನ್ ಮಾಡುವ ಒಂದು ಕಂಪನಿಗೆ ಮನೆಮನೆಗೆ ಹೋಗಿ ತೋರಿಸುವ ಹುಡುಗಿಯರು ಬೇಕಾಗಿದ್ದರು. ನನಗೆ ಕೆಲಸ ಸಿಕ್ಕಿತು. ಸಿಕ್ಕಿದ ದಿನ ಅಮ್ಮ ನನ್ನ ಕೈ ಹಿಡಿದು, "ಇನ್ನು ಈ ಮಸಿ ನಿನಗೆ ಬೇಡ ಕಣೇ," ಅಂದಳು. ನಾನು ಅತ್ತುಬಿಟ್ಟೆ.

ಆ ಓವನ್ನನ್ನು ಈಗಿನ ಹುಡುಗಿಯರು ನೋಡಿರಲಿಕ್ಕಿಲ್ಲ. ಅಲ್ಯೂಮಿನಿಯಂ ದಬರಿಗೆ ಮುಚ್ಚಳ ಹಾಕಿ, ಆ ಮುಚ್ಚಳದ ನಡುವೆ ಒಂದು ಗಾಜಿನ ಕಿಟಕಿ ಇಟ್ಟ ಹಾಗೆ. ಶಾಖ ಹೆಚ್ಚು ಕಡಿಮೆ ಮಾಡುವ ತಿರುಗಣೆ, ಟಿಂಗ್ ಎನ್ನುವ ಗಂಟೆ, ಏನೂ ಇಲ್ಲ. ಸೀಲು ಒಡೆಯದ ಹೊಸ ಪೆಟ್ಟಿಗೆಯೊಂದನ್ನು ನನ್ನ ಮುಂದಿಟ್ಟು ಮ್ಯಾನೇಜರ್ ವರದರಾಜ್ ಸಾರ್ ಎರಡು ಅಪ್ಪಣೆ ಕೊಟ್ಟರು. "ಒಂದು, ಪೆಟ್ಟಿಗೆ ಜೊತೆ ಬಂದಿರೋ ಬುಕ್ಕಿನ ಕೇಕನ್ನೇ ಮಾಡಿ ತೋರಿಸ್ಬೇಕು. ಎರಡು, ಇದು ಡೆಮೊ ಪೀಸು. ಇದನ್ನ ಮಾರೋ ಹಾಗಿಲ್ಲ. ತಲೆ ಹೋದ್ರೂ ಸಂಜೆ ಇದು ನಿಮ್ಮ ಜೊತೆ ವಾಪಸ್ ಬರ್ಬೇಕು." ಕೊಟ್ಟ ಏರಿಯಾ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ.

ಬುಕ್ಕಿನಲ್ಲಿದ್ದ ಕೇಕಿಗೆ ನಾಲ್ಕು ಮೊಟ್ಟೆ. ರಾಜಾಜಿನಗರದ ಮೊದಲನೇ ಮನೆಯಲ್ಲೇ, ಟೀಪಾಯಿಯ ಮೇಲೆ ಮೈದಾ, ಸಕ್ಕರೆ ಜೋಡಿಸಿ, ಆಮೇಲೆ ಒಳ್ಳೇ ಬೊಂಬೆ ಕೂರಿಸಿದ ಹಾಗೆ ಮೊಟ್ಟೆಗಳನ್ನು ಸಾಲಾಗಿ ಇಟ್ಟೆ.

"ಇದೇನಮ್ಮಾ ಇದು?" ಅಂದರು ಮನೆಯೊಡತಿ.

"ಮೊಟ್ಟೆ ಮೇಡಂ. ಇವತ್ತಿಂದೇ, ಫ್ರೆಶ್!"

ಆಕೆ ಬೈಯಲಿಲ್ಲ, ಕೂಗಲಿಲ್ಲ. ಒಳಗಿನಿಂದ ಬಂದ ಅತ್ತೆ ಮಾತ್ರ ಟೀಪಾಯಿಯನ್ನು ಒಂದು ಸಲ ನೋಡಿ, ಸೀದಾ ಬಚ್ಚಲುಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ನಾನು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಟೀಪಾಯಿ ಅಂಗಳಕ್ಕೆ ಬಂದು, ಅದರ ಮೇಲೂ ನೀರು ಬೀಳುತ್ತಿತ್ತು. ಅಯ್ಯೋ ಶಿವನೇ, ಆ ನೀರಿನ ಸದ್ದು ಬಸ್‌ಸ್ಟಾಪಿನವರೆಗೂ ನನ್ನ ಕಿವಿಯಲ್ಲಿತ್ತು.

ಮೊಟ್ಟೆ ತಿನ್ನುವವರ ಮನೆಗೆ ಹೋದರಾದರೂ ಆಯಿತೇ? ವಿಜಯನಗರದಲ್ಲಿ ಒಬ್ಬ ಗೌಡ್ರ ಮನೆಗೆ ಹೋದೆ. "ಬಾರಮ್ಮಾ, ಬಾ," ಅಂತ ಕರೆದು ಕೂರಿಸಿ ಕಾಫಿ ಕೊಟ್ಟರು. ಮೊಟ್ಟೆ ಹೊರಗೆ ತೆಗೆದೆನೋ ಇಲ್ಲವೋ, "ಅಯ್ಯೋ, ಇವತ್ತು ಶನಿವಾರ! ನಮ್ಮನೇಲಿ ಮೊಟ್ಟೆ ಒಡೆಯಲ್ಲ," ಅಂದರು. ಸರಿ, ನಾಳೆ ಭಾನುವಾರ ಬರುತ್ತೇನೆ ಎಂದು ಹೇಳಿ ಮರುದಿನ ಹೋದೆ. ಮೊಟ್ಟೆ ಒಡೆದೂ ಆಯಿತು, ಹಿಟ್ಟು ಕಲಸಿಯೂ ಆಯಿತು. ಓವನ್ನಿಗೆ ಬೇಕಾದ ದೊಡ್ಡ ಪ್ಲಗ್ಗು ಆಗೆಲ್ಲ ಮನೆಗಳಲ್ಲಿ ಬಚ್ಚಲಿನ ಗೀಸರ್ ಪಕ್ಕದಲ್ಲಿ ಮಾತ್ರ ಇರುತ್ತಿತ್ತು. ಬಚ್ಚಲಿನಿಂದ ವೈರು ಎಳೆದು ಸ್ವಿಚ್ ಹಾಕಿದೆ. ಟಪ್ ಅಂತು. ಇಡೀ ಮನೆಯ ಫ್ಯೂಸು ಹೋಯಿತು. ಹಾಲಿನಲ್ಲಿ ಟೀವಿಯ ಭಾನುವಾರದ ಸಿನಿಮಾಕ್ಕೆ ಅರ್ಧ ಬೀದಿಯೇ ಕೂತಿತ್ತು. ಸರಿಯಾಗಿ ಕ್ಲೈಮ್ಯಾಕ್ಸ್. "ಯಾರಮ್ಮಾ ಅದು?" ಎಂದು ಒಟ್ಟಿಗೇ ಕೇಳಿದ ಆ ಗಂಡಸರ ದನಿ ನೆನೆದರೆ ಈಗಲೂ ನಗು ಬರುತ್ತದೆ. ಆಗ ನಗು ಬಂದಿರಲಿಲ್ಲ. ಮನೆಯಾಕೆ ಪಾಪ ಒಳ್ಳೆಯವರು, ಹಿಟ್ಟು ಹಾಳಾಗಬಾರದೆಂದು ಹೆಂಚಿನ ಮೇಲೆ ಹುಯ್ದು ದೋಸೆ ಮಾಡಿದರು. ಕೇಕಿನ ದೋಸೆ ಚೆನ್ನಾಗಿಯೇ ಇತ್ತು.

ಹೀಗೆ ದಿನಾ ಸಂಜೆ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಕಡೆಯ ಬಸ್ಸು ಹತ್ತುತ್ತಿದ್ದೆ. ಅದರ ಕಂಡಕ್ಟರ್ ನೆತ್ತಿಯ ಕೂದಲು ಉದುರಿದ ತಮಾಷೆಯ ಮನುಷ್ಯ. ಪೆಟ್ಟಿಗೆಗೆ ಲಗೇಜ್ ಟಿಕೆಟ್ ಹರಿಯುತ್ತಾ, "ಏನಮ್ಮಾ, ಇವತ್ತೂ ಹುಡುಗೀನ ವಾಪಸ್ ಕರ್ಕೊಂಡು ಬಂದ್ಯಾ? ಯಾರೂ ಒಪ್ಪಲಿಲ್ವಾ?" ಅನ್ನುತ್ತಿದ್ದರು. ಬಸ್ಸಿನವರೆಲ್ಲ ನಗುತ್ತಿದ್ದರು. ಮನೆಯಲ್ಲಿ ಉಳಿದ ಮೊಟ್ಟೆಗಳು ಆಮ್ಲೆಟ್ ಆಗುತ್ತಿದ್ದವು. ನನ್ನ ತಮ್ಮ ತಟ್ಟೆ ನೆಕ್ಕುತ್ತಾ, "ಅಕ್ಕಾ, ನಾಳೆನೂ ಯಾರೂ ಒಪ್ಪದೇ ಇರ್ಲಿ," ಅನ್ನುತ್ತಿದ್ದ. ಬೆನ್ನಿಗೊಂದು ಗುದ್ದುತ್ತಿದ್ದೆ.

ಕೊನೆಗೆ ವರದರಾಜ್ ಸಾರ್ ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಮಾತೂ ಗರಿಗರಿ. "ನಾಗರತ್ನಾ, ನಿಮ್ಮ ಏರಿಯಾದಲ್ಲಿ ಒಂದೇ ಒಂದು ಓವನ್ ಇಳಿದಿಲ್ಲ. ಮುಂದಿನ ಮೀಟಿಂಗ್ ಒಳಗೆ ಒಂದಾದ್ರೂ ಇಳಿಸಿ. ಇಲ್ಲಾಂದ್ರೆ ಪೆಟ್ಟಿಗೆ ವಾಪಸ್ ಕೊಟ್ಟು ಮನೆಗೆ ಹೋಗಿ. ನನ್ನ ಕೈಲಿ ಏನೂ ಇಲ್ಲ."

ನನ್ನ ಕಣ್ಣು ನನ್ನ ಉಗುರಿನ ಮೇಲೆ ಹೋಯಿತು. ಆಗಷ್ಟೇ ಬೆಳ್ಳಗಾಗುತ್ತಿತ್ತು.

ಅವತ್ತು ರಾತ್ರಿ ಊಟ ಸೇರಲಿಲ್ಲ. ಆದರೆ ತರಬೇತಿಯ ಕೊನೆಯ ದಿನ ನಮಗೆ ಕಲಿಸಿದ ಮೇಡಂ ಮಾಡಿ ತೋರಿಸಿದ ಒಂದು ತಿಂಡಿ ನೆನಪಾಯಿತು. ಅವರ ಅಜ್ಜಿಯ ಕಾಲದ್ದಂತೆ. ಸೇಬಿನ ಹೊಟ್ಟೆಯ ಬೀಜ ತೆಗೆದು, ಸಕ್ಕರೆ ಬೆಣ್ಣೆ ತುಂಬಿ ಓವನ್ನಿನಲ್ಲಿ ಇಡುವುದು, ಅಷ್ಟೇ. ಇಷ್ಟು ಸುಲಭದ್ದನ್ನು ಏನು ಬರೆದುಕೊಳ್ಳುವುದು ಎಂದು ಯಾರೂ ಬರೆದುಕೊಂಡಿರಲಿಲ್ಲ. ಮೊಟ್ಟೆ ಇಲ್ಲ, ಮೈದಾ ಇಲ್ಲ, ಕಲಸುವ ಗೋಜಿಲ್ಲ. ಸಾರ್ ಹೇಳಿದ ಕೇಕು ಮನೆ ಹಾಳಾಗಲಿ, ನಾಳೆಯಿಂದ ಸೇಬು ಎಂದುಕೊಂಡೆ.

ಮರುದಿನ ಬಲೆ ಚೀಲದ ತುಂಬ ಸೇಬು ಹಾಕಿಕೊಂಡು ಬಸವೇಶ್ವರನಗರದಲ್ಲಿ ಗಿರಿಜಾ ಎನ್ನುವವರ ಮನೆಗೆ ಹೊರಟೆ. ಬೀದಿಯಲ್ಲಿ ಹೆಂಗಸರು ನನ್ನನ್ನೇ ನೋಡುತ್ತಿದ್ದಾರೆ. ಗೇಟು ತೆಗೆದು ಒಳಗೆ ಹೋಗಿ ಕೂತು ಐದು ನಿಮಿಷ ಆಗಿಲ್ಲ, ಪಕ್ಕದ ಮನೆಯವರು ಫ್ಲಾಸ್ಕ್ ಹಿಡಿದು ಓಡಿಬಂದರು. ಅವರ ಹಿಂದೆ ಇನ್ನಿಬ್ಬರು. ಆಮೇಲೆ ಎದುರು ಮನೆಯವರು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ.

"ಏನಾಯ್ತು ಗಿರಿಜಾ? ಯಜಮಾನ್ರಿಗಾ? ನೆನ್ನೆ ಸ್ಕೂಟರ್ ಒರೆಸ್ತಾ ಇದ್ರಲ್ಲೇ!"

"ಯಾರಿಗೇನಾಯ್ತು?" ಎಂದು ಗಿರಿಜಾ ಬಾಯಿ ಬಿಟ್ಟು ನೋಡಿದರು.

"ಮತ್ತೆ ಇವ್ರು ಸೇಬು ತಂದಿದ್ದಾರಲ್ಲ!"

ಈಗಿನವರಿಗೆ ಇದು ಗೊತ್ತಿಲ್ಲ. ಆಗ ನಮ್ಮ ಮನೆಗಳಲ್ಲಿ ಸೇಬು ಬಾಳೆಹಣ್ಣಿನ ಹಾಗೆ ದಿನಾ ತಿನ್ನುವ ಹಣ್ಣಲ್ಲ. ಆಸ್ಪತ್ರೆಗೆ ನೋಡಲು ಹೋಗುವಾಗ ಬ್ರೆಡ್ಡಿನ ಜೊತೆ ತೆಗೆದುಕೊಂಡು ಹೋಗುವ ಹಣ್ಣು. ಚೀಲದ ತುಂಬ ಸೇಬು ಕಂಡರೆ ಯಾರೋ ಮಲಗಿದ್ದಾರೆ ಎಂದೇ ಅರ್ಥ. ಗಿರಿಜಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕಷಾಯದ ಫ್ಲಾಸ್ಕ್ ತಂದವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೆ ಬಂದವರು ಯಾರೂ ವಾಪಸ್ ಹೋಗಲಿಲ್ಲ. ಡೆಮೊಗೆ ಜನ ಸೇರಿಸಲು ಬೀದಿ ಬೀದಿ ಅಲೆದು ಬೇಡಿಕೊಳ್ಳುತ್ತಿದ್ದ ನನಗೆ ಅವತ್ತು ಹಾಲು ತುಂಬ ಹೆಂಗಸರು. ಆಮೇಲೆ ನಾನು ಯಾವ ಬೀದಿಗೆ ಹೋದರೂ ಸೇಬಿನ ಚೀಲವನ್ನು ಎಲ್ಲರಿಗೂ ಕಾಣುವ ಹಾಗೆಯೇ ಹಿಡಿದುಕೊಂಡು ಹೋದೆ. ಚೈತ್ರಾ, ನೀವೆಲ್ಲ ರೀಲ್ಸ್ ಅದು ಇದು ಅಂತ ಮಾಡ್ತೀರಲ್ಲ, ನನ್ನ ರೀಲು ಅದೇ.

ಆ ಮನೆಯಲ್ಲಿ ಇನ್ನೊಂದು ಪಾಠ ಆಯಿತು. ತುಪ್ಪದ ಡಬ್ಬಿಗೆ ಕೈ ಚಾಚಿದೆ. ಗಿರಿಜಾ ಮೆಲ್ಲಗೆ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡು, "ನೀವು ಹೇಳಿ, ನಾನು ಮಾಡ್ತೀನಿ," ಅಂದರು. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಚುಚ್ಚಿತು, ಚೆನ್ನಾಗಿಯೇ ಚುಚ್ಚಿತು. ಆದರೂ ಹೇಳುತ್ತಾ ಹೋದೆ, ಅವರು ಮಾಡುತ್ತಾ ಹೋದರು. ಅರ್ಧ ಗಂಟೆಯಲ್ಲಿ ನೋಡುತ್ತೇನೆ, ಮುಚ್ಚಳದ ಕಿಟಕಿಗೆ ಮೂಗು ಅಂಟಿಸಿಕೊಂಡು ಕೂತಿದ್ದಾರೆ. ಅದು ನನ್ನ ತಿಂಡಿಯಾಗಿರಲಿಲ್ಲ, ಅವರ ತಿಂಡಿಯಾಗಿತ್ತು. ಆಮೇಲೆ ಯಾವ ಜಾತಿಯವರ ಮನೆಗೆ ಹೋದರೂ ನಾನು ಸಾಮಾನು ಮುಟ್ಟಲಿಲ್ಲ. ಬೆಲ್ಲ ಅವರದು, ತುಪ್ಪ ಅವರದು, ಕೈಯೂ ಅವರದೇ. ಸ್ವಿಚ್ಚು ಮಾತ್ರ ನನ್ನದು.

ಅವತ್ತಿನ ಸೇಬು ಮಾತ್ರ ಪಟಾಕಿ ಹೊಡೆದ ಹಾಗೆ ಒಡೆದು ಬೆಲ್ಲವೆಲ್ಲ ಮುಚ್ಚಳಕ್ಕೆ ಹಾರಿತು. ಹಾಗಾಗಿ, ಚೈತ್ರಾ, ಸರಿಯಾಗಿ ಮಾಡುವುದನ್ನು ಕೇಳಿಸಿಕೋ. ಹುಳಿ ಸೇಬು ತಗೋ, ಬಾಯಲ್ಲಿ ಹಿಟ್ಟು ಹಿಟ್ಟಾಗುವುದು ಬೇಡ. ಈಗಿನ ಸೇಬಿಗೆ ಮೇಣ ಬಳಿದಿರುತ್ತಾರೆ, ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳಿ. ತೊಟ್ಟಿನ ಕಡೆಯಿಂದ ಚಮಚದಲ್ಲಿ ಬೀಜ ತೋಡಿ ತೆಗಿ. ತಳ ತೂತಾಗಬಾರದು, ತೂತಾದರೆ ತುಪ್ಪವೆಲ್ಲ ಸೋರಿಹೋಗುತ್ತದೆ. ಸೊಂಟದ ಸುತ್ತ ಚಾಕುವಿನಲ್ಲಿ ಸಿಪ್ಪೆಗೆ ಮಾತ್ರ ಒಂದು ಗೆರೆ ಎಳಿ, ಆಗ ಸಿಡಿಯುವುದಿಲ್ಲ. ಹೊಟ್ಟೆಗೆ ಪುಡಿ ಬೆಲ್ಲ, ದ್ರಾಕ್ಷಿ, ಮುರಿದ ಗೋಡಂಬಿ, ಏಲಕ್ಕಿ, ಮೇಲೊಂದು ಚಮಚ ತುಪ್ಪ. ತಟ್ಟೆಯ ತಳಕ್ಕೆ ಸ್ವಲ್ಪ ನೀರು. ಸೇಬಿನ ನೆತ್ತಿಗೆ ಒಂದು ಲವಂಗ ಚುಚ್ಚು. ನಿನ್ನ ಏರ್ ಫ್ರೈಯರಿನಲ್ಲಿ ತಿರುಗಣೆ, ಟೈಮರ್ ಎಲ್ಲ ಇವೆ. ನನಗೆ ಇದ್ದದ್ದು ಲವಂಗ. ಸಂಜೆ ವೋಲ್ಟೇಜು ಇಳಿದರೆ ಬೇಯಲು ಎಷ್ಟು ಹೊತ್ತೋ ಹೇಳಲಾಗುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂತವರಿಗೆ ಲವಂಗದ ಪರಿಮಳ ಬಂದರೆ ಸೇಬು ಬೆಂದಿದೆ ಎಂದು ಲೆಕ್ಕ.

ಸಿಡಿದ ಸೇಬನ್ನೇ ಎಲ್ಲರೂ ಬೆರಳು ಚೀಪಿಕೊಂಡು ತಿಂದರು. ಆದರೆ ಕೊಂಡುಕೊಳ್ಳುವ ಮಾತು ಬಂದಾಗ ಗಿರಿಜಾ, "ರಾಜಾಜಿನಗರದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ, ರುಕ್ಮಿಣಮ್ಮ ಅಂತ. ಮಿಕ್ಸಿ ಆಗ್ಲಿ ಗ್ರೈಂಡರ್ ಆಗ್ಲಿ, ಅವರು ತಗೊಂಡ್ರೇನೇ ನಾವೆಲ್ಲ ತಗೊಳೋದು. ಅವರನ್ನ ಒಪ್ಪಿಸಿಬಿಡಿ ನೋಡೋಣ," ಅಂದರು.

ರುಕ್ಮಿಣಮ್ಮನವರ ಮನೆಗೆ ಹೋಗುವ ದಿನ ನಿಗದಿಯಾಯಿತು. ಅದರ ಮರುದಿನವೇ ಆಫೀಸಿನ ಮೀಟಿಂಗು. ಇದ್ದದ್ದು ಅದೊಂದೇ ದಿನ, ಅದೊಂದೇ ಮನೆ. ಸೇಬಿನ ಚೀಲ ತೋರಿಸಿಕೊಂಡು ಬೀದಿಯುದ್ದಕ್ಕೂ ನಡೆದೆ. ಎಣಿಸಿದ ಹಾಗೇ ಹೆಂಗಸರು ಬಂದು ಸೇರಿದರು. ರುಕ್ಮಿಣಮ್ಮ ಕುಳ್ಳನೆಯ, ಚುರುಕು ಕಣ್ಣಿನ ಮುದುಕಿ. ಬಾಯಲ್ಲಿ ಒಂದೂ ಹಲ್ಲಿಲ್ಲ. ಮಗ ಮಾಡಿಸಿಕೊಟ್ಟ ಹಲ್ಲಿನ ಸೆಟ್ಟು ಒತ್ತುತ್ತದೆಂದು ಡಬ್ಬಿಯಲ್ಲೇ ಇಟ್ಟಿದ್ದರಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಡೋದೇನೋ ಮಾಡಿ ನೋಡೋಣ. ಆದ್ರೆ ತಿನ್ನೋರು ಯಾರೂ ಇಲ್ಲ ಕಣಮ್ಮಾ. ಇವತ್ತು ಏಕಾದಶಿ," ಅಂದರು.

ನಮ್ಮ ಮನೆಯಲ್ಲಿ ಏಕಾದಶಿ ಮಾಡುವವರಿಲ್ಲ. ಕ್ಯಾಲೆಂಡರಿನಲ್ಲಿ ನಾನು ನೋಡುತ್ತಿದ್ದದ್ದು ರಜಾ ದಿನ ಮಾತ್ರ. ಹಾಲಿನಲ್ಲಿದ್ದವರೆಲ್ಲ ಉಪವಾಸದವರು. ರುಚಿ ನೋಡದೆ ಯಾರು ಒಪ್ಪುತ್ತಾರೆ? ನಾಳೆ ಬನ್ನಿ ಅನ್ನುವ ಹಾಗೂ ಇಲ್ಲ. ಅತ್ತುಬಿಡೋಣ ಅನ್ನಿಸಿತು. ಆದರೂ ಬಂದದ್ದು ಬರಲಿ ಎಂದು ಮಾತು ಶುರು ಮಾಡಿದೆ. ರುಕ್ಮಿಣಮ್ಮ ಮಣೆ ಹಾಕಿಕೊಂಡು ಕೂತು, ನಾನು ಹೇಳಿದ ಹಾಗೆ ಸೇಬು ತೊಳೆದು, ತೋಡಿ, ತಮ್ಮ ಮನೆಯ ಬೆಲ್ಲ ತುಪ್ಪ ತುಂಬಿ, ತಾವೇ ಒಳಗಿಟ್ಟರು. ಊಟದ ಮನೆಯ ಗೋಡೆಯಲ್ಲಿ ದೊಡ್ಡ ಪ್ಲಗ್ಗು ಇತ್ತು, ಪುಣ್ಯಕ್ಕೆ ಫ್ಯೂಸು ಹೋಗಲಿಲ್ಲ. ಮಾತು, ಹರಟೆ. ಕೊನೆಗೆ ದೇವರ ಮನೆಯಿಂದ ಸೊಸೆ ಕೂಗಿದರು, "ಅತ್ತೇ, ಇಲ್ಲಿಗೂ ಲವಂಗದ ಘಮ ಬರ್ತಾ ಇದೆ!"

ಮುಚ್ಚಳ ತೆಗೆದೆ. ಸಿಡಿಯದೆ, ಸುಕ್ಕಾಗಿ, ಹೊಟ್ಟೆಯಲ್ಲಿ ಬೆಲ್ಲ ಕುದಿಯುತ್ತಾ ಕೂತಿದ್ದವು. ರುಕ್ಮಿಣಮ್ಮ ಚಮಚದ ತುದಿಯಲ್ಲಿ ಒಂದನ್ನು ಒತ್ತಿದರು. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

"ಇಷ್ಟು ಮೆತ್ತಗಾ!" ಅಂದರು. ದನಿ ಸಣ್ಣಗಾಗಿತ್ತು.

"ಅತ್ತೆಗೆ ಸೇಬು ಅಂದ್ರೆ ಪ್ರಾಣ," ಎಂದು ಸೊಸೆ ನನ್ನ ಕಡೆ ತಿರುಗಿದರು. "ಹಲ್ಲು ಹೋದ್ಮೇಲೆ ಏಕಾದಶಿಗೆ ಬಾಳೆಹಣ್ಣೇ ಗತಿ."

ರುಕ್ಮಿಣಮ್ಮ ಸ್ವಲ್ಪ ಹೊತ್ತು ಸೇಬನ್ನೇ ನೋಡಿದರು. ಆಮೇಲೆ ನ್ಯಾಯಾಧೀಶರ ಹಾಗೆ ನೆಟ್ಟಗೆ ಕೂತರು.

"ಧಾನ್ಯ ಹಾಕಿದ್ವಾ?"

"ಇಲ್ಲಮ್ಮಾ."

"ಉಪ್ಪು?"

"ಇಲ್ಲ."

"ಒಲೆ ಹಚ್ಚಲಿಲ್ಲ. ಹಾಗಾದ್ರೆ ಇದು ಹಣ್ಣು. ಅಡುಗೆ ಅಲ್ಲ."

"ಕರೆಂಟು ಬೆಂಕಿ ಅಲ್ವಾ ರುಕ್ಮಿಣಮ್ಮಾ?" ಎಂದು ಪಕ್ಕದ ಮನೆಯವರು ತೆಗೆದರು. ನನಗೆ ಅವರ ಬಾಯಿಗೆ ಬಟ್ಟೆ ತುರುಕುವಷ್ಟು ಸಿಟ್ಟು ಬಂತು.

"ಅಲ್ಲ ಕಣೇ, ದೇವರ ಮುಂದೆ ಬಲ್ಬು ಹಾಕಿ ದೀಪ ಹಚ್ಚಾಯ್ತು ಅಂದ್ರೆ ಒಪ್ತೀಯಾ? ಇಲ್ಲ ತಾನೆ? ದೀಪಕ್ಕೆ ಆಗದ ಕರೆಂಟು ಇಲ್ಲಿ ಮಾತ್ರ ಹೇಗೆ ಬೆಂಕಿ ಆಗುತ್ತೆ?"

ರುಕ್ಮಿಣಮ್ಮ ದೇವರಿಗೆ ತೋರಿಸಿ ಬಂದು, ಚಮಚದ ತುಂಬ ಸೇಬು ತೆಗೆದು ಬಾಯಿಯ ಹತ್ತಿರ ಒಯ್ದರು. ಅಲ್ಲೇ ನಿಲ್ಲಿಸಿದರು. ಓವನ್ನನ್ನು ನೋಡಿದರು, ನನ್ನನ್ನು ನೋಡಿದರು.

"ಹುಡುಗೀ, ನಿಜ ಹೇಳ್ಬೇಕು. ಈ ಪಾತ್ರೇಲಿ ಯಾವತ್ತಾದ್ರೂ ಮೊಟ್ಟೆ ಬೆಂದಿದ್ಯಾ?"

ಕೇಕ್ ಪೆಟ್ಟಿಗೆ ಹೊತ್ತು ಊರು ತಿರುಗುವವಳನ್ನು ಕೇಳುವ ಪ್ರಶ್ನೆಯೇ ಇದು? ಮೊದಲ ಮನೆಯ ಟೀಪಾಯಿ ನೆನಪಾಯಿತು. ಶನಿವಾರ ನೆನಪಾಯಿತು, ಫ್ಯೂಸು, ಹೆಂಚಿನ ಮೇಲಿನ ದೋಸೆ, ತಮ್ಮನ ಆಮ್ಲೆಟ್ ಎಲ್ಲ ನೆನಪಾಯಿತು. ಒಂದೊಂದಾಗಿ ನೆನೆದು ನೋಡಿದೆ. ಅಯ್ಯೋ ದೇವರೇ! ನನಗೇ ನಂಬಿಕೆ ಬರಲಿಲ್ಲ.

"ಇಲ್ಲಮ್ಮಾ," ಅಂದೆ. "ನಾನು ಬೇಕಾದಷ್ಟು ಸಲ ಮೊಟ್ಟೆ ತಗೊಂಡು ಹೋದೆ. ಇದುವರೆಗೂ ಯಾರೂ ಬೇಯಿಸೋಕೆ ಬಿಟ್ಟಿಲ್ಲ!"

ರುಕ್ಮಿಣಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕರು ನೋಡಿ, ಹಾಲಿಗೆ ಹಾಲೇ ನಕ್ಕಿತು. ನಗುತ್ತಲೇ ಚಮಚ ಬಾಯಿಗಿಟ್ಟುಕೊಂಡರು. ನಗು ನಿಂತಿತು. ಕಣ್ಣು ಮುಚ್ಚಿಕೊಂಡರು. ಇಡೀ ಸೇಬನ್ನು ಸಿಪ್ಪೆ ಸಮೇತ, ಯಾರೊಂದಿಗೂ ಮಾತಾಡದೆ ತಿಂದರು. ಅಷ್ಟು ಸಂತೋಷವಾಗಿ ಯಾರಾದರೂ ತಿಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊನೆಗೆ ತಟ್ಟೆ ಕೆಳಗಿಟ್ಟು, "ಹಲ್ಲಿದ್ದಾಗಲೂ ಇಷ್ಟು ರುಚಿ ಇರ್ಲಿಲ್ಲ. ನಂಗೊಂದು ಬೇಕು," ಅಂದರು.

"ನಾಳೇನೇ ಹೊಸ ಪೆಟ್ಟಿಗೆ ತಂದು ಇಳಿಸ್ತೀನಮ್ಮಾ!"

"ಹೊಸದು ಯಾರಿಗೆ ಬೇಕು? ಅದರಲ್ಲಿ ನಿಮ್ಮ ಫ್ಯಾಕ್ಟರಿಯವರು ಏನೇನು ಬೇಯಿಸಿ ನೋಡಿರ್ತಾರೋ! ಇದೇ ಬೇಕು. ಇದರ ಜಾತಕ ಗೊತ್ತಾಯ್ತಲ್ಲ."

ವರದರಾಜ್ ಸಾರ್ ಅಪ್ಪಣೆ ಕಿವಿಯಲ್ಲಿ ಗುಂಯ್ ಅಂದಿತು. ತಲೆ ಹೋದರೂ ಪೆಟ್ಟಿಗೆ ವಾಪಸ್ ಬರಬೇಕು. ಪೆಟ್ಟಿಗೆ ವಾಪಸ್ ತಂದರೆ ಕೆಲಸ ಹೋಗುತ್ತದೆ, ಬಿಟ್ಟು ಬಂದರೆ ಬೈಗುಳ ಬೀಳುತ್ತದೆ. ಬೈಗುಳವೇ ವಾಸಿ ಎಂದುಕೊಂಡೆ. ಸೊಸೆ ಓವನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಅಡುಗೆಮನೆಯ ಹೊಸಿಲು ದಾಟಿಸಿ ಒಳಗೆ ತೆಗೆದುಕೊಂಡು ಹೋದರು. ರುಕ್ಮಿಣಮ್ಮ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಸೇಬನ್ನು ತಾವೇ ತಟ್ಟೆಗೆ ಹಾಕಿ ಕೊಟ್ಟರು. "ತಿನ್ನೇ. ನಿಂಗೇನು ಏಕಾದಶಿಯಾ?"

ಮರುದಿನ ಮೀಟಿಂಗಿನಲ್ಲಿ ವರದರಾಜ್ ಸಾರ್ ಡೆಮೊ ಪೀಸ್ ಮಾರಿದ್ದಕ್ಕೆ ಎಗರಾಡಿದ್ದು, ಮಧ್ಯಾಹ್ನದ ಹೊತ್ತಿಗೆ ಗಿರಿಜಾ ಮತ್ತು ಆ ಬೀದಿಯವರು ಆಫೀಸಿಗೆ ಬಂದು "ನಮಗೂ ಬೇಕು" ಅಂದಾಗ ತಣ್ಣಗಾಗಿ, ನನಗೆ ಇನ್ನೊಂದು ಸೀಲು ಒಡೆಯದ ಪೆಟ್ಟಿಗೆ ಕೊಟ್ಟದ್ದು, ನಿವೃತ್ತಳಾಗುವವರೆಗೂ ನನ್ನ ಯಾವ ಡೆಮೊ ಓವನ್ನಿನಲ್ಲೂ ನಾನು ಮೊಟ್ಟೆ ಬೇಯಿಸದೇ ಇದ್ದದ್ದು, ಇವೆಲ್ಲ ಆಮೇಲಿನವು. ನನಗೆ ನೆನೆಯಲು ಇಷ್ಟವಾಗುವುದು ಆ ಸಂಜೆ. ಕೈ ಬೀಸಿಕೊಂಡು ಬಸ್‌ಸ್ಟಾಪಿಗೆ ನಡೆದೆ. ಖಾಲಿ ಕೈಯನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಬಸ್ಸು ಹತ್ತಿದೆ. ಕಂಡಕ್ಟರ್ ಅಭ್ಯಾಸಬಲದಿಂದ ಲಗೇಜ್ ಟಿಕೆಟ್ ಹರಿಯಲು ಹೋಗಿ, ನನ್ನ ಕಾಲ ಹತ್ತಿರ ನೋಡಿ, ಸೀಟಿನ ಕೆಳಗೆ ಬಗ್ಗಿ ನೋಡಿ, ಗಾಬರಿಯಾದರು.

"ಏನಮ್ಮಾ, ಹುಡುಗಿ ಎಲ್ಲಿ?"

"ಒಪ್ಕೊಂಡ್ರು ಸಾರ್," ಅಂದೆ. "ಬಿಟ್ಟು ಬಂದೆ."

ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅವರು ಆ ಲಗೇಜ್ ಟಿಕೆಟ್ಟಿನ ಕಟ್ಟನ್ನು ಜೇಬಿಗೆ ತುರುಕಿ, ಡ್ರೈವರಿಗೆ ಕೇಳುವ ಹಾಗೆ ಕೂಗಿದರು, "ರೈಟ್, ಹೋಗ್ಲಿ! ಮೆತ್ತಗೆ ಹೊಡಿಯಪ್ಪಾ, ಗಾಡೀಲಿ ಹೆಣ್ಣಿನ ಕಡೆಯೋರು ಇದಾರೆ!"